ಬಲಕ್ಕೆ ತಿರುಗಿದರೆ ಕರಕರ

ಹೆಂಡತಿ ಕಾರು ಕಲಿಯುತ್ತೇನೆ ಎಂದಾಗ ಗಂಡನಾದವನು ಒಪ್ಪಬೇಕು, ಇಲ್ಲವೇ ಒಪ್ಪಿದಂತೆ ನಟಿಸಬೇಕು. ಮೂರನೆಯ ದಾರಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಈರಪ್ಪನವರು ನಟಿಸಿದರು. ಅನಾಹುತವೆಲ್ಲ ಅಲ್ಲಿಂದಲೇ ಶುರು.

ಈರಪ್ಪನವರು ಗದಗಿನ ಕಡೆಯವರು. ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ತಲೆಗೂದಲೆಲ್ಲ ಖರ್ಚಾಗುವವರೆಗೆ ದುಡಿದು, ನಿವೃತ್ತರಾಗಿ, ಈಗ ಹೆಬ್ಬಗೋಡಿ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಹೆಂಡತಿ ಗಂಗಮ್ಮ ಮತ್ತು ಮಗಳು ರಕ್ಷಿತಾ ಜೊತೆಗಿದ್ದಾರೆ. ಯಂತ್ರದ ಸದ್ದು ಕೇಳಿಯೇ ಅದರ ಹೊಟ್ಟೆಯೊಳಗಿನ ರೋಗ ಹೇಳಬಲ್ಲೆ ಎಂಬುದು ಅವರ ಮೊದಲ ಹೆಮ್ಮೆ. (ಮನೆಯ ಮಿಕ್ಸಿಯ ಸದ್ದು ಕೇಳಿ "ಇದಕ್ಕ ಇನ್ನು ಎಂಟು ದಿನ ಆಯುಷ್ಯ" ಎಂದು ಭವಿಷ್ಯ ನುಡಿದು ವರ್ಷಗಳೇ ಉರುಳಿವೆ. ಅದು ಇವತ್ತು ಬೆಳಿಗ್ಗೆಯೂ ಶೇಂಗಾ ಚಟ್ನಿಪುಡಿ ಮಾಡಿತು.) ಎರಡನೆಯ ಹೆಮ್ಮೆ ವೈಚಾರಿಕತೆ. ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಶರಣರ ವಿಚಾರವಾಗಿ ಮಾತಾಡುತ್ತಾರೆ. ಮಾತಾಡಿದಾಗಲೆಲ್ಲ ಮೂಢನಂಬಿಕೆಯನ್ನು ಬೇರುಸಹಿತ ಕಿತ್ತು ಹಾಕುತ್ತಾರೆ. ಗೇಟಿಗೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳಕಾಯಿಯನ್ನು ಬರೀ ಭಾಷಣದ ಬಲದಿಂದಲೇ ಕೆಳಗಿಳಿಸಿ, ಮರುದಿನ ಅದರ ಮಜ್ಜಿಗೆಹುಳಿ ಉಂಡ ಮಹಾನುಭಾವರು ಅವರು.

ಗಂಗಮ್ಮನಿಗೆ ಪ್ರತಿ ಶನಿವಾರ ಬೇಗೂರಿನ ಅಕ್ಕನ ಬಳಗಕ್ಕೆ ಹೋಗಬೇಕು. ಅಲ್ಲಿ ವಚನ ಹಾಡುವುದು, ಹಾಡಿದ ಮೇಲೆ ಉಪ್ಪಿಟ್ಟು ತಿನ್ನುವುದು, ತಿಂದ ಮೇಲೆ ಸೊಸೆಯಂದಿರ ವಿಚಾರ. ಕರೆದುಕೊಂಡು ಹೋಗುವವರು ಈರಪ್ಪನವರು. ಆದರೆ ಶುಕ್ರವಾರ ಸಂಜೆಯ ಹೊತ್ತಿಗೆ ಅವರ ಎಡಮೊಣಕಾಲು ನೋಯಲು ಶುರುವಾಗಿ, ಭಾನುವಾರ ಬೆಳಗಾಗುವಷ್ಟರಲ್ಲಿ ಯಾವ ಮದ್ದೂ ಇಲ್ಲದೆ ವಾಸಿಯಾಗುತ್ತಿತ್ತು. ನಿಜ ಏನೆಂದರೆ, ಹೊಸೂರು ರಸ್ತೆಯಲ್ಲಿ ಹಿಂದಿನಿಂದ ಒಂದು ಲಾರಿ ಹಾರ್ನ್ ಹಾಕಿದರೆ ಸಾಕು, ಈರಪ್ಪನವರ ಪ್ರಾಣಪಕ್ಷಿ ಹಾರಿ ಹೋಗಿ ಅತ್ತಿಬೆಲೆ ಗಡಿ ದಾಟಿ ತಮಿಳುನಾಡಿನಲ್ಲಿ ಒಂದು ಕಾಫಿ ಕುಡಿದು ವಾಪಸು ಬರುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಗಂಡಸು ಹೇಳುವ ಮಾತೇ ಅದು?

ಗಂಗಮ್ಮ ಮೊಣಕಾಲಿನ ದಾರಿ ಕಾದು ಬೇಸತ್ತು ಡ್ರೈವಿಂಗ್ ಸ್ಕೂಲ್ ಸೇರಿದರು. ಲೈಸೆನ್ಸೂ ಬಂತು. ಒಂದು ಭಾನುವಾರ ಬೆಳಿಗ್ಗೆ ರಕ್ಷಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ವಂತ ಕಾರನ್ನು ಮೊದಲ ಬಾರಿಗೆ ಬಡಾವಣೆಯ ಒಂದು ಸುತ್ತು ಹಾಕಿಸಿ ತಂದರು. ಗೋಡೆ ಮುಟ್ಟಲಿಲ್ಲ, ಹಸು ಮುಟ್ಟಲಿಲ್ಲ. ಬಾಲ್ಕನಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಈರಪ್ಪನವರು ಇನ್ನೇನು ಉಸಿರು ಬಿಡಬೇಕು, ಕಾರು ಬೇಸ್‌ಮೆಂಟಿಗೆ ಇಳಿಯಲೆಂದು ಬಲಕ್ಕೆ ತಿರುಗಿತು.

ಕರ್ರ್... ಕರಕರ... ಕರ್ರ್...

ರಾಕ್ಷಸನೊಬ್ಬ ಕಲ್ಲುಸಕ್ಕರೆಯನ್ನು ಮೂಟೆಗಟ್ಟಲೆ ಬಾಯಿಗೆ ಸುರಿದುಕೊಂಡು ಅಗಿದಂತಹ ಸದ್ದು. ಬೇಸ್‌ಮೆಂಟಿನಲ್ಲಿ ಮಲಗಿದ್ದ ನಾಯಿಗಳು ಎದ್ದು ಹೊಸೂರು ರಸ್ತೆ ಹಿಡಿದವು. ಎರಡನೆಯ ಮಹಡಿಯ ಲಾವಣ್ಯಾ, ನೀರಿಲ್ಲದ ಅಪಾರ್ಟ್‌ಮೆಂಟಿಗೆ ಕೊನೆಗೂ ಬೋರ್‌ವೆಲ್ ಕೊರೆಯುವ ಲಾರಿ ಬಂತೆಂದು ಸಂತೋಷದಿಂದ ಕೆಳಗೋಡಿ ಬಂದಳು. ನೇರ ಹೋದರೆ ಕಾರು ಸಾಧು. ಎಡಕ್ಕೆ ತಿರುಗಿದರೂ ಸಾಧು. ಬಲಕ್ಕೆ ತಿರುಗಿದರೆ ಮಾತ್ರ ಈ ಅವತಾರ.

"ಮುಗೀತು," ಎಂದರು ಈರಪ್ಪನವರು, ಕೆಳಗೆ ಬಂದು, ಸತ್ತವರ ಮನೆಯ ಅಂಗಳದಲ್ಲಿ ನಿಂತ ಧ್ವನಿಯಲ್ಲಿ. "ನಿಂತ ಗಾಡಿದು ಸ್ಟೇರಿಂಗ್ ತಿರುವಿದ್ದಿ. ಹೌದಲ್ಲೊ?"

"ಹೊಳ್ಳಸಬೇಕಂದ್ರ ತಿರುವಬೇಕಲ್ರೀ."

"ಗಾಡಿ ಹೊಳ್ಳಸೂದು ಅಂದ್ರ ಹಂಚಿನ ಮ್ಯಾಲ ರೊಟ್ಟಿ ಹೊಳ್ಳಿಸಿದಂಗಲ್ಲ."

"ರೊಟ್ಟಿನರ ಒಮ್ಮೆ ಹೊಳ್ಳಿಸಿ ನೋಡೀರೇನು ನೀವು?"

ರಕ್ಷಿತಾ ನಡುವೆ ಬಾಯಿ ಹಾಕಿದಳು. "ಅಪ್ಪಾ, ಅಮ್ಮ ಚೆನ್ನಾಗೇ ಓಡ್ಸಿದ್ರು. ಎಲ್ಲೂ ಗುದ್ದಿಲ್ಲ."

"ಗುದ್ದಿದ್ರ ಚಲೋ ಇತ್ತವಾ, ಹೊರಗ ಕಾಣ್ತಿತ್ತು. ಇದು ಒಳಪೆಟ್ಟು." ಈರಪ್ಪನವರು ಬಾನೆಟ್ ಮೇಲೆ ಕಿವಿ ಇಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು. "ಆಕ್ಸಲ್ ಜಾಯಿಂಟು ಹೋಗೇತಿ. ಇಷ್ಟು ವರ್ಷ ನನ್ನ ಕೈಯಾಗ ಕೂಸಿನಂಗ ಬೆಳೆದ ಗಾಡಿ, ನಿನ್ನ ಕೈಗೆ ಬಂದು ಒಂದ ತಾಸಿನ್ಯಾಗ ಮುದುಕ ಆತು."

ಗಂಗಮ್ಮ ಸುಮ್ಮನೆ ಬೀಗದಕೈ ಅವರ ಕೈಗಿಟ್ಟರು. ಆದರೆ ಮೆಟ್ಟಿಲ ಬಳಿ ನಿಂತು ತಿರುಗಿ ಒಂದು ಮಾತು ಹೇಳಿದರು.

"ತೋರಸ್ರಿ ಗಾಡಿನ. ತಪ್ಪು ನಂದು ಅಂತ ಆತಂದ್ರ ಇನ್ನ ಮ್ಯಾಲೆ ಸ್ಟೇರಿಂಗ್ ಮುಟ್ಟಂಗಿಲ್ಲ, ಅಕ್ಕನ ಬಳಗಕ್ಕೂ ಹೋಗಂಗಿಲ್ಲ. ನಂದಲ್ಲಂತ ಆದ್ರ, ನೀವು ಎಡಗಡೆ ಸೀಟಿನ್ಯಾಗ ಕುಂದರಬೇಕು. ಬಾಯಿ ಮುಚ್ಕೊಂಡು."

"ಆಗ್ಲಿ," ಎಂದರು ಈರಪ್ಪನವರು, ಗೆದ್ದವರ ನಗೆ ನಕ್ಕು.

ಗೆದ್ದವರಾಗಿದ್ದರೂ ವಾರವಿಡೀ ಅವರು ಪಟ್ಟ ಪಾಡು ಸೋತವರಿಗೂ ಬೇಡ. ಗ್ಯಾರೇಜಿಗೆ ಹೋಗಲು ಅವರಿಗೆ ಅವಸರವಿರಲಿಲ್ಲ. ಸದ್ದು ಇರುವಷ್ಟು ದಿನ ಹೆಂಡತಿ ರಸ್ತೆಗಿಳಿಯುವುದಿಲ್ಲವಲ್ಲ. ಅಲ್ಲಿಯವರೆಗೆ ಬಲಕ್ಕೆ ತಿರುಗದಿದ್ದರಾಯಿತು ಎಂದು ಒಂದು ಉಪಾಯ ಮಾಡಿದರು. ಕೂಗಳತೆಯಲ್ಲಿರುವ ಅಂಗಡಿಯಿಂದ ಜೋಳದ ಹಿಟ್ಟು ತರಲು ಹೊರಟು, ಗೇಟಿನಿಂದ ಎಡಕ್ಕೆ, ಅಲ್ಲಿಂದ ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿ ನೋಡಿದರೆ ಎದುರಿಗೆ ಅದೇ ಗೇಟು. ವಾಚ್‌ಮನ್ ಸೆಲ್ಯೂಟ್ ಹೊಡೆದ. ಛಲ ಬಿಡದೆ ದೊಡ್ಡ ಸುತ್ತು ಹಿಡಿದು ಕಾರ್ಖಾನೆಗಳ ಹಿಂದೆ, ಕೆರೆಯ ಮುಂದೆ, ಯಾವುದೋ ಮದುವೆ ಮಂಟಪದ ಒಳಗೂ ಹೊಕ್ಕು (ಅಲ್ಲಿ ಅವರ ಕೈಗೆ ತಾಂಬೂಲದ ಚೀಲ ಕೊಟ್ಟರಂತೆ) ಎಡಕ್ಕೇ ತಿರುಗುತ್ತಾ ಬಂದರೆ ಮತ್ತದೇ ಗೇಟು, ಅದೇ ಸೆಲ್ಯೂಟು. ಕೊನೆಗೆ ಕಾರನ್ನು ನಿಲ್ಲಿಸಿ, ನಡೆದುಕೊಂಡು ಹೋಗಿ ಹಿಟ್ಟು ತಂದರು. ಅಷ್ಟರಲ್ಲಿ ಮನೆಯಲ್ಲಿ ಅನ್ನ ಮಾಡಿ ಉಂಡು ಮುಗಿಸಿದ್ದರು.

ಶನಿವಾರ ಬಂತು. ಅಂದು ಮಧ್ಯಾಹ್ನ ಬೇಗೂರಿಗೆ ಹೋಗಬೇಕಾಗಿದ್ದ ಗಂಗಮ್ಮ ಹೋಗದೆ, ಸೋಫಾದ ಮೇಲೆ ಕೂತು, ಹಾಡಬೇಕಿದ್ದ ವಚನವನ್ನು ಗೋಡೆಗೆ ಮುಖ ಮಾಡಿ ಮೆಲ್ಲಗೆ ಗುನುಗುತ್ತಿದ್ದರು. ಅದನ್ನು ನೋಡಿ ರಕ್ಷಿತಾಗೆ ತಡೆಯಲಾಗಲಿಲ್ಲ. ಅವಳದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ತಪ್ಪು ಎಲ್ಲಿದೆ ಎಂದು ಪತ್ತೆಯಾಗುವವರೆಗೆ ಅವಳಿಗೆ ಊಟ ಸೇರುವುದಿಲ್ಲ.

"ಅಪ್ಪಾ, ಕೆಳಗೆ ಬನ್ನಿ. ನೀವು ಬಲಕ್ಕೆ ತಿರುಗಿಸ್ತಾ ಇರಿ, ನಾನು ಪಕ್ಕದಲ್ಲಿ ನಡೀತಾ ಕೇಳ್ತೀನಿ."

ಬೇಸ್‌ಮೆಂಟಿನಲ್ಲಿ ಪರೀಕ್ಷೆ ಶುರುವಾಯಿತು. ಈರಪ್ಪನವರು ಕಂಬಗಳ ಸುತ್ತ ಬಲಕ್ಕೆ ಬಲಕ್ಕೆ ಸುತ್ತಿದರು; ಕಾರು ಕರಕರ ಎಂದಿತು; ರಕ್ಷಿತಾ ಸೊಂಟ ಬಗ್ಗಿಸಿ, ಕೋಳಿಮರಿಯ ಹಿಂದೆ ಹೊರಟವಳಂತೆ ಚಕ್ರದ ಪಕ್ಕ ಓಡಿದಳು. ಕಾರಿಗೆ ದೇವರ ಪ್ರದಕ್ಷಿಣೆ ಮಾಡಿಸುತ್ತಿದ್ದಾರೆಂದು ತಿಳಿದು ಯಾರೋ ಹೋಗುವವರು ಕೈ ಮುಗಿದು ಹೋದರು.

"ಬಲಗಡೆ ಚಕ್ರ ಅಲ್ಲಪ್ಪಾ. ಎಡಗಡೆ ಮುಂದಿಂದು."

"ನಾ ಹೇಳಿಲ್ಲೇನು? ಎಡಗಡೆ ಜಾಯಿಂಟು."

"ಜಾಯಿಂಟ್ ಅಷ್ಟು ಹೊರಗೆ ಇರಲ್ಲ." ರಕ್ಷಿತಾ ಮೊಬೈಲ್ ದೀಪ ಹಿಡಿದು ಮತ್ತಷ್ಟು ಬಗ್ಗಿದಳು. "ಚಕ್ರದ ಹಿಂದೆ, ಕೆಸರು ತಡೆಯೋ ರಬ್ಬರ್ ಇರುತ್ತಲ್ಲ, ಅದರ ಒಳಗಡೆ ಏನೋ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗಿದೆ. ಕತ್ತಲೆ, ಕಾಣ್ತಿಲ್ಲ."

ಈರಪ್ಪನವರು ಥಟ್ಟನೆ ಬ್ರೇಕ್ ಒತ್ತಿದರು.

ಯಾರಿಗೂ ಗೊತ್ತಿಲ್ಲದ ಆ ಸಂಗತಿಯನ್ನು ಓದುಗರಿಗೆ ಈಗ ಹೇಳಲೇಬೇಕು. ಹೆಂಡತಿ ಕಾರು ಹೊರತೆಗೆಯುವ ಹಿಂದಿನ ದಿನ ಈರಪ್ಪನವರಿಗೆ ಅನ್ನ ಇಳಿಯಲಿಲ್ಲ. ಅಪಾರ್ಟ್‌ಮೆಂಟಿನ ಹಿಂದಿನ ಹಳೆಯ ಊರಿನಲ್ಲಿ ಪಾಪಯ್ಯ ಎಂಬ ಮುದುಕನಿದ್ದ. ಅವನ ಅಜ್ಜ ಜಟಕಾ ಓಡಿಸುತ್ತಿದ್ದವನು. ಮಾತಿಗೆ ಮಾತು ಬಂದು ಪಾಪಯ್ಯ, "ಕುದ್ರೆ ಲಾಳ ಕಟ್ಟಿ ಸಾಮಿ, ಯಾವ ದುಷ್ಟಿನೂ ತಾಗಾಕಿಲ್ಲ" ಎಂದು ಅಜ್ಜನ ಕಾಲದ ಒಂದು ಲಾಳವನ್ನೇ ತೆಗೆದುಕೊಟ್ಟ. ಕಾರಿನ ಮುಂದೆ ಕಟ್ಟಿದರೆ ಬೂದುಗುಂಬಳಕಾಯಿ ಕಳೆದುಕೊಂಡ ನೆರೆಹೊರೆಯವರು ಬಿಟ್ಟಾರೆಯೆ? ವೈಚಾರಿಕ ಈರಪ್ಪನವರು ಆಚೀಚೆ ನೋಡಿ, ಎಡ ಮುಂಚಕ್ರದ ಹಿಂದಿನ ರಬ್ಬರಿನ ಒಳಮಗ್ಗುಲಿಗೆ, ಶಿವನಿಗೂ ಕಾಣದ ಜಾಗದಲ್ಲಿ, ಅದನ್ನು ತಂತಿಯಿಂದ ಬಿಗಿದರು. ತಪಾಸಣೆ ವಿಭಾಗದವರು ಬಿಗಿದದ್ದು ಸಡಿಲವಾಗುವುದುಂಟೆ ಎಂಬ ಭರವಸೆಯಲ್ಲಿ, ವಾರದಿಂದ ಆ ಸದ್ದಿಗೂ ಈ ಲಾಳಕ್ಕೂ ಸಂಬಂಧ ಇರಬಹುದೆಂಬ ಯೋಚನೆ ಅವರ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಈಗ ಸುಳಿಯಿತು. ಸುಳಿದದ್ದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು.

"ನೀ ಮ್ಯಾಲ ಹೋಗವಾ," ಎಂದರು ಮಗಳಿಗೆ, ಬೆವರೊರೆಸಿಕೊಂಡು. "ನಾ ನೋಡ್ಕೋತೀನಿ."

ಅವಳು ಮೇಲೆ ಹೋದದ್ದೇ ತಡ, ಈರಪ್ಪನವರು ನೆಲಕ್ಕೆ ಬಿದ್ದು ಕಾರಿನ ಕೆಳಗೆ ತೂರಿದರು. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಮಾತ್ರ ಒಳಗೆ ಬರಲೊಲ್ಲೆ ಎಂದಿತು. ಕೈ ಚಾಚಿದರು. ಬೆರಳ ತುದಿಗೆ ಲಾಳ ಸಿಕ್ಕಿತು. ತಂತಿ ಒಂದು ಕಡೆ ಬಿಚ್ಚಿ ಅದು ಜೋತಾಡುತ್ತಿತ್ತು. ಆದರೆ ಇನ್ನೊಂದು ಗಂಟು ಜಪ್ಪಯ್ಯ ಎನ್ನಲಿಲ್ಲ. ಜೀವಮಾನದಲ್ಲಿ ತಾವು ಹಾಕಿದ ಒಂದೇ ಒಂದು ಗಟ್ಟಿ ಗಂಟು ಅದು.

"ಏನ್ ಸಾಮಿ, ಇಂಗ್ ಮಲಗ್ಬುಟ್ಟಿದ್ದೀರಿ?" ನೆಲದಿಂದ ಕಾಣುತ್ತಿದ್ದ ಎರಡು ಬರಿಗಾಲು ಕೇಳಿದವು. ಪಾಪಯ್ಯನ ಕಾಲು. "ನಮ್ ಲಾಳ ಎಂಗದೆ ಅಂತ ನೋಡ್ತಿದ್ದೀರಾ?"

"ಮೆಲ್ಲಗ ಮಾತಾಡೋ ಮಾರಾಯ."

"ಯಾಕ್ ಸಾಮಿ? ಕದ್ದಿದ್ದಾ ಅದು? ನಮ್ ತಾತಂದು."

ಅಷ್ಟರಲ್ಲಿ ಆ ಎರಡು ಕಾಲುಗಳ ಪಕ್ಕದಲ್ಲಿ ಕಾಲುಂಗುರ ತೊಟ್ಟ ಇನ್ನೆರಡು ಕಾಲು ಬಂದು ನಿಂತವು.

"ಕೆಳಗ ಏನ್ ಮಾಡಾಕತ್ತೀರಿ?" ಎಂದರು ಗಂಗಮ್ಮ.

"ಏನಿಲ್ಲ. ಒಂದು ನಟ್ಟು ಬಿಗಿ ಮಾಡಾಕತ್ತಿದ್ದೆ." ಈರಪ್ಪನವರು ಹಿಮ್ಮುಖವಾಗಿ ತೆವಳಿ ಹೊರಬಂದು, ಧೂಳು ಕೊಡವಿ, ದೊಡ್ಡ ಮನಸ್ಸಿನವರಂತೆ ಮುಖ ಮಾಡಿದರು. "ಗಂಗಾ, ಹೋಗ್ಲಿ ಬಿಡು. ಸಣ್ಣ ಶಬ್ದ. ಗಾಡಿ ಅಂದ ಮ್ಯಾಲ ಒಂದಿಷ್ಟು ಮಾತಾಡ್ತಾವ. ನಾ ನಿನ್ನ ಕ್ಷಮಿಸೀನಿ."

"ಕ್ಷಮಾ ಯಾರಿಗೆ ಬೇಕಾಗೇತಿ? ನನಗ ನ್ಯಾಯ ಬೇಕು. ಆಕ್ಸಲ್ ಹೋಗೇತಿ ಅಂದವರು ನೀವ. ಈಗ ಸಣ್ಣ ಶಬ್ದ ಹೆಂಗಾತು? ನಡೀರಿ ಗ್ಯಾರೇಜಿಗೆ."

"ಇವತ್ತು ಬ್ಯಾಡ. ಶನಿವಾರ. ಕಬ್ಬಿಣದ ಕೆಲಸಕ್ಕ ವಾರ ಚಲೋ ಇಲ್ಲ."

ಹೇಳಿದ ಮೇಲೆ ಅವರಿಗೇ ಹೌಹಾರಿತು. ಮೂಢನಂಬಿಕೆಯನ್ನು ಬೇರುಸಹಿತ ಕೀಳುವ ಬಾಯಿಂದ ಬಂದ ಮಾತು. ಗಂಗಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ರಕ್ಷಿತಾಳನ್ನು ಕೂಗಿ, ಹಿಂದಿನ ಬಾಗಿಲು ತೆಗೆದು ಕೂತರು. ಚಂದಾಪುರದಾಚೆಯ ಗ್ಯಾರೇಜಿನ ಶ್ಯಾಮಣ್ಣ ಪಾಪಯ್ಯನ ಬಾಡಿಗೆದಾರ. ಆದ್ದರಿಂದ ಪಾಪಯ್ಯ ಯಾರೂ ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತ.

ದಾರಿಯುದ್ದಕ್ಕೂ ಬಲ ತಿರುವಿನಲ್ಲೆಲ್ಲ ಲಾಳ ತನ್ನ ಹೆಸರು ತಾನೇ ಕೂಗಿ ಹೇಳುತ್ತಾ ಬಂತು. ಪಾಪಯ್ಯ ಒಂದೊಂದು ಸಲ ಬಾಯಿ ತೆರೆದಾಗಲೂ ಈರಪ್ಪನವರು ಹಾರ್ನ್ ಒತ್ತಿದರು.

ಶ್ಯಾಮಣ್ಣ ಮಾತಿನಲ್ಲಿ ಗ್ಯಾರೇಜಿನವನಿಗಿಂತ ದೊಡ್ಡಾಸ್ಪತ್ರೆಯ ವೈದ್ಯನಂತಿದ್ದ. ಕಾರನ್ನು ಮುಟ್ಟುವ ಮೊದಲೇ ಉಸಿರೆಳೆದುಕೊಂಡು ತಲೆ ಅಲ್ಲಾಡಿಸಿದ. "ಸಾರ್, ನೀವು ಬರ್ತಿದ್ದಾಗ್ಲೇ ಕೇಳಿಸ್ತು. ಸ್ಟೇರಿಂಗ್ ರ‍್ಯಾಕು, ಆಕ್ಸಲ್ಲು, ಬೇರಿಂಗು, ಮೂರೂ ಹೋಗಿದೆ. ಕೇಸು ಸೀರಿಯಸ್ಸು. ಲೇಡೀಸ್ ಓಡ್ಸಿದ್ರಾ?"

ಗಂಗಮ್ಮನ ಮುಖ ಇಳಿಯಿತು. ಅದನ್ನು ಕಂಡು, ಗೆಲುವು ಕೈಗೆ ಬಂದರೂ ಈರಪ್ಪನವರಿಗೆ ಸಂತೋಷವಾಗಲಿಲ್ಲ. ಇಲ್ಲಿಂದ ಹೀಗೆಯೇ ಹೊರಟುಬಿಟ್ಟರೆ ಲಾಳದ ಸುದ್ದಿ ಲಾಳದ ಜೊತೆಯಲ್ಲೇ ಇರುತ್ತದೆ. ಆದರೆ ಹೆಂಡತಿ ಪ್ರತಿ ಶನಿವಾರ ಗೋಡೆಗೆ ಮುಖ ಮಾಡಿ ಹಾಡುತ್ತಾಳೆ. ಏನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ರಕ್ಷಿತಾ, "ಅಣ್ಣ, ಎತ್ತಿ ನೋಡ್ದೇ ಹೇಳ್ಬೇಡಿ. ಎಡಗಡೆ ಮುಂದಿನ ಚಕ್ರ, ಹಿಂದಿನ ರಬ್ಬರ್ ಒಳಗೆ ನೋಡಿ," ಎಂದಳು.

ಜಾಕ್ ಹಾಕಿ ಎತ್ತಿದರು. ಶ್ಯಾಮಣ್ಣ ಚಕ್ರವನ್ನು ಬಲಕ್ಕೆ ತಿರುಗಿಸಿ, ಟಾರ್ಚು ಬಿಟ್ಟು, ಬಗ್ಗಿ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಕತ್ತರಿಯಿಂದ ತಂತಿ ಕಡಿದು, ಸವೆದು ಫಳಫಳ ಹೊಳೆಯುತ್ತಿದ್ದ ವಸ್ತುವನ್ನು ಎತ್ತಿ ಹಿಡಿದ. ಮೂರು ರೋಗ ಒಟ್ಟಿಗೆ ವಾಸಿಯಾದ ನಿರಾಸೆ ಅವನ ಮುಖದ ತುಂಬ.

"ಸಾರ್, ನಿಮ್ಮ ಗಾಡಿಗೆ ಲಾಳ ಹೊಡೆಸಿದ್ದೀರಾ?"

ಈರಪ್ಪನವರು ಗಂಟಲು ಸರಿಮಾಡಿಕೊಂಡರು.

"ರಸ್ತೆದಾಗ ಬಿದ್ದಿದ್ದು ಸಿಡಿದು ಸಿಕ್ಕೊಂಡಿರಬೇಕು."

"ಹೌದ್ರೀ," ಎಂದರು ಗಂಗಮ್ಮ, ಲಾಳವನ್ನು ಕೈಗೆ ತೆಗೆದುಕೊಂಡು. "ರಸ್ತೆದಾಗ ಬಿದ್ದಿದ್ದು ಸಿಡಿದು, ತಾನ ತಂತಿ ಸುತ್ಕೊಂಡು, ತಾನ ಗಂಟು ಹಾಕ್ಕೊಂಡು, ಆಮ್ಯಾಲೆ ಮೂರು ಬೆರಳಿಲೆ ವಿಭೂತಿನೂ ಹಚ್ಕೊಂಡೇತಿ. ಭಾರಿ ಆಚಾರವಂತ ಲಾಳ."

ಎಲ್ಲರೂ ನೋಡಿದರು. ಸವೆಯದೆ ಉಳಿದ ಮಗ್ಗುಲಲ್ಲಿ ಮೂರು ಬಿಳಿ ಗೆರೆ ಅಚ್ಚೊತ್ತಿದಂತಿದ್ದವು. ಹಾರ್ನ್ ಕೈಗೆಟುಕದಷ್ಟು ದೂರವಿದ್ದುದರಿಂದ ಪಾಪಯ್ಯ ಕೊನೆಗೂ ಬಾಯಿ ಬಿಟ್ಟ. "ನಮ್ ತಾತಂದು ಅವ್ವಾ. ಸಾಮಿಗೋಳು ಈಸ್ಕೊಂಡೋದ್ರು. ಅಮ್ಮಾವ್ರು ಗಾಡಿ ಓಡುಸ್ತಾರೆ, ಏನಾರಾ ಆದ್ರೆ ನಾನ್ ಬದುಕಾಕಿಲ್ಲ ಅಂದ್ರು. ಕಣ್ಣಾಗೆ ನೀರಿತ್ತು."

"ನೀರಿರಲಿಲ್ಲ," ಎಂದರು ಈರಪ್ಪನವರು. "ಧೂಳು ಬಿದ್ದಿತ್ತು."

ಗಂಗಮ್ಮ ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು. ಸೆರಗಿನ ತುದಿಯಿಂದ ಲಾಳ ಒರೆಸಿ ಪಾಪಯ್ಯನ ಕೈಗಿತ್ತು, "ನಿಮ್ಮ ಕುದುರಿದು ನಿಮಗ ಇರಲಿ ಅಜ್ಜಾ," ಎಂದರು. ಆಮೇಲೆ ಗಂಡನ ಮುಂದೆ ಅಂಗೈ ಚಾಚಿದರು. ಈರಪ್ಪನವರು ಬೀಗದಕೈ ಇಟ್ಟರು. ಭಾಷಣವಿಲ್ಲದೆ ಇಷ್ಟು ದೊಡ್ಡ ಸಮಾರಂಭ ನಡೆದದ್ದು ಅವರ ಜೀವನದಲ್ಲಿ ಅದೇ ಮೊದಲು.

ಪಾಪಯ್ಯ ಬಾಡಿಗೆದಾರನ ಹತ್ತಿರ ಟೀ ಕುಡಿಯಲು ಉಳಿದ. ಗಂಗಮ್ಮ ಸ್ಟೇರಿಂಗ್ ಹಿಡಿದರು, ರಕ್ಷಿತಾ ಹಿಂದೆ, ಈರಪ್ಪನವರು ಒಪ್ಪಂದದ ಪ್ರಕಾರ ಎಡಗಡೆ, ಬಾಯಿ ಮುಚ್ಚಿಕೊಂಡು. ಬಾಯಿ ಮುಚ್ಚಿದ್ದರೂ ಕಾಲು ಸುಮ್ಮನಿರಬೇಕಲ್ಲ. ಇಲ್ಲದ ಬ್ರೇಕನ್ನು ಅವರು ಒತ್ತಿದ ಒತ್ತಿಗೆ ಕಾರಿನ ತಳಕ್ಕೆ ತೂತು ಬಿದ್ದು, ಮನೆಯವರೆಗೆ ಓಡಿಕೊಂಡು ಹೋಗಬೇಕಾಗಿತ್ತು. ಮೊದಲ ಬಲ ತಿರುವು ಬಂತು. ಕಣ್ಣು ಮುಚ್ಚಿದರು. ಸದ್ದಿಲ್ಲ. ಎರಡನೆಯದು ಬಂತು. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಹೋಯಿತು.

ಆಗಲೇ ಹಿಂದಿನಿಂದ ಒಂದು ಲಾರಿ ಎದೆ ಸೀಳುವಂತೆ ಹಾರ್ನ್ ಹಾಕಿತು. ಈರಪ್ಪನವರ ಪ್ರಾಣಪಕ್ಷಿ ರೂಢಿಯಂತೆ ರೆಕ್ಕೆ ಬಿಚ್ಚಿತು. ಬಿಚ್ಚಿದ್ದು ಅರ್ಧಕ್ಕೇ ನಿಂತಿತು. ಈ ಹಾರ್ನ್ ತನಗಲ್ಲ. ಈ ಲಾರಿ ತನ್ನದಲ್ಲ. ಹೊಸೂರು ರಸ್ತೆಯ ಯಾವ ಲಾರಿಯೂ, ಯಾವ ಬಸ್ಸೂ, ಅಡ್ಡ ಬರುವ ಯಾವ ಬೈಕೂ ಇನ್ನು ಮೇಲೆ ತನ್ನದಲ್ಲ. ಗಂಗಮ್ಮ ಕನ್ನಡಿಯಲ್ಲಿ ನೋಡಿ, "ಹೋಗಪ್ಪಾ ಮೊದಲ ನೀ, ಯಾರ ಬ್ಯಾಡಂದಾರ," ಎಂದು ಲಾರಿಗೆ ದಾರಿ ಬಿಟ್ಟರು. ಇಷ್ಟೇನಾ ಎಂದುಕೊಂಡ ಈರಪ್ಪನವರ ಹೆಗಲಿನಿಂದ ಇಡೀ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯೇ ಇಳಿದುಹೋಯಿತು. ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿಕೊಂಡರು.

ಚಂದಾಪುರದ ಹತ್ತಿರ ಗಂಗಮ್ಮ ಗಕ್ಕನೆ ಕಾರನ್ನು ಬದಿಗೆ ಹಾಕಿದರು.

"ರಕ್ಷಿತಾ, ಶಬ್ದ ಮತ್ತ ಬಂತವಾ. ನೆಟ್ಟಗ ಹೋದ್ರೂ ಬರಾಕತ್ತೇತಿ. ಗಾಡಿ ನಿಲ್ಲಿಸಿದ್ರೂ ಬರಾಕತ್ತೇತಿ."

ಕಾರು ನಿಂತದ್ದೇ ತಡ, ಪುಕ್ಕಟೆ ವೈದ್ಯರು ನೆರೆದರು. ಆಟೋದವನು ಬೇರಿಂಗು ಎಂದ. ಟೆಂಪೋದವನು ಸೈಲೆನ್ಸರ್ ಎಂದ. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎಡಗಡೆ ಕಿಟಕಿಯಲ್ಲಿ ಇಣುಕಿ, "ಅಕ್ಕಾ, ಸದ್ದು ಬತ್ತಿರೋದು ಯಜಮಾನ್ರ ಮೂಗಿಂದ," ಎಂದಳು.

ಬಾಯಿ ಅರ್ಧ ತೆರೆದು, ಸೀಟ್‌ಬೆಲ್ಟಿಗೆ ಗಲ್ಲ ಊರಿ, ಈರಪ್ಪನವರು ಗಾಢ ನಿದ್ದೆಯಲ್ಲಿದ್ದರು.

"ಅಯ್ಯ, ಇದಾ?" ಎಂದರು ಗಂಗಮ್ಮ, ನೆರೆದವರಿಗೆಲ್ಲ. "ಇದು ಹಳೇದು ಬಿಡ್ರೀ. ಇದಕ್ಕ ಎಲ್ಲೂ ರಿಪೇರಿ ಇಲ್ಲ." ಮತ್ತೆ ಕಾರು ಚಾಲೂ ಮಾಡಿ, ಮಗಳಿಗೆ ಮೆಲ್ಲಗೆ ಹೇಳಿದರು: "ನನ್ನ ಗಾಡಿಯಾಗ ಕುಂದರಾಕ ಹೆದರತಿದ್ರು. ಹೆಂಗ ಮಲಗ್ಯಾರ ನೋಡು. ಎಬ್ಬಸೂದು ಬ್ಯಾಡ, ಹಿಂಗ ಇನ್ನೊಂದಿಷ್ಟು ಮುಂದ ಹೋಗೂಣು."

ಈರಪ್ಪನವರಿಗೆ ಎಚ್ಚರವಾದಾಗ ಸುತ್ತಮುತ್ತ ಸಂತೆಯ ಗದ್ದಲ. ಕಣ್ಣುಜ್ಜಿಕೊಂಡು, "ಮನಿ ಬಂತೇನು?" ಎಂದರು.

"ಆನೇಕಲ್ ಬಂತ್ರೀ. ಇಳೀರಿ, ಚೀಲ ಹಿಡೀರಿ. ಬದನಿಕಾಯಿ ಚಲೋ ಬಂದಾವ."

ಚೀಲ ತುಂಬಿ ವಾಪಸು ಬಂದಾಗ ಗಂಗಮ್ಮ, ಗಂಡನ ಮುಖ ನೋಡಿ ಕನಿಕರಪಟ್ಟು, ಬೀಗದಕೈ ಮುಂದೆ ಹಿಡಿದರು. "ಹೋಗುವಾಗರ ನೀವು ಹೊಡೀತೀರೇನು?"

ಈರಪ್ಪನವರು ಆ ಬೀಗದಕೈಯನ್ನು ನೋಡಿದರು, ರಸ್ತೆಯ ಕಡೆ ನೋಡಿದರು, ಅಲ್ಲಿ ಸಾಲಾಗಿ ನಿಂತ ಲಾರಿಗಳನ್ನು ನೋಡಿದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಕೂತು, ತಾವೇ ಬೆಲ್ಟು ಎಳೆದುಕೊಂಡರು.

"ನೀನ ಹೊಡಿ," ಎಂದರು, ಹಿರಿಯರು ಉಪದೇಶ ಮಾಡುವ ಗತ್ತಿನಲ್ಲಿ. "ಒಂದ ಮಾತು. ಬಲಕ್ಕ ತಿರುಗುವಾಗ ಸ್ವಲ್ಪ ನಿಧಾನ. ನನ್ನ ತಲಿ ಕಿಟಕಿಗೆ ಬಡೀತೈತಿ."